‘ಗೊತ್ತಿಲ್ಲ’ ಬೇರೆ, ‘ನಂಬಿಲ್ಲ’ ಬೇರೆ

ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ‘ದೇವರಿದ್ದಾನೆ ಅಂತ ನಾನು ನಂಬುವುದಿಲ್ಲ’ ಒಂದು. ‘ದೇವರಿಲ್ಲ ಅಂತ ನಾನು ನಂಬುತ್ತೇನೆ’ ಇನ್ನೊಂದು. ಮಾತಿನ ಭರದಲ್ಲಿ ಎರಡೂ ಒಂದೇ ಅನ್ನಿಸಿಬಿಡುತ್ತವೆ. ಆದರೆ ‘ಇಲ್ಲ’ ಎಲ್ಲಿ ಕೂತಿದೆ ನೋಡಿ. ಮೊದಲನೆಯದರಲ್ಲಿ ಅದು ನಂಬುವ ಕ್ರಿಯೆಗೆ ಅಂಟಿಕೊಂಡಿದೆ, ಎರಡನೆಯದರಲ್ಲಿ ದೇವರಿಗೆ. ಮೊದಲನೆಯದು ಹೇಳುವವರ ಮನಸ್ಸಿನ ಸುದ್ದಿ. ಎರಡನೆಯದು ಜಗತ್ತಿನ ಸುದ್ದಿ. ದೇವರ ಹೆಸರನ್ನೇ ಕೇಳದ ಹಸುಗೂಸಿನ ಬಗ್ಗೆ ‘ಅದು ನಂಬುವುದಿಲ್ಲ’ ಅನ್ನಬಹುದು. ‘ದೇವರಿಲ್ಲ ಅಂತ ಅದು ನಂಬುತ್ತದೆ’ ಅಂದರೆ ನಗೆಪಾಟಲು.

ಇವುಗಳ ಪಕ್ಕಕ್ಕೆ ಇನ್ನೆರಡು ಸೇರಿಸಿ. ‘ದೇವರಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ.’ ‘ದೇವರಿದ್ದಾನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.’ ಇಲ್ಲಿ ನಂಬಿಕೆಯ ಪ್ರಸ್ತಾಪವೇ ಇಲ್ಲ, ಇರುವುದು ತಿಳಿವಿನ ಮಾತು. ಆಸ್ತಿಕ, ನಾಸ್ತಿಕ, ಅಜ್ಞೇಯವಾದಿ ಎಂಬ ಮೂರು ಹೆಸರುಗಳ ಸುತ್ತ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ನಾಲ್ಕು ವಾಕ್ಯಗಳನ್ನು ಕಲಸಿಕೊಂಡದ್ದರಿಂದಲೇ ಹುಟ್ಟಿದವು ಎನ್ನುವುದು ನನ್ನ ಅನಿಸಿಕೆ.

ನಮ್ಮಲ್ಲಿ ಬಹಳ ಜನರ ತಲೆಯಲ್ಲಿರುವ ಚಿತ್ರ ಒಂದು ಗೆರೆಯದು. ಈ ತುದಿಯಲ್ಲಿ ಆಸ್ತಿಕ, ಆ ತುದಿಯಲ್ಲಿ ನಾಸ್ತಿಕ, ನಟ್ಟನಡುವೆ ಎತ್ತಲೂ ವಾಲದ ಅಜ್ಞೇಯವಾದಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟವನು. ನಾಸ್ತಿಕರ ಕಣ್ಣಲ್ಲಿ ಅವನು ಧೈರ್ಯ ಸಾಲದ ನಾಸ್ತಿಕ. ಆಸ್ತಿಕರ ಕಣ್ಣಲ್ಲಿ ಇವತ್ತಲ್ಲ ನಾಳೆ ದಾರಿಗೆ ಬರುವವನು. ನಾನೂ ಬಹಳ ಕಾಲ ಹೀಗೇ ಅಂದುಕೊಂಡಿದ್ದೆ. ಆ ಪದ ಹುಟ್ಟಿದ ಕಥೆ ತಿಳಿದ ಮೇಲೆ ಗೆರೆಯ ಚಿತ್ರ ಅಳಿಸಿಹೋಯಿತು.

ಬಾಲ ಕಳೆದುಕೊಂಡ ನರಿ

1869ರಲ್ಲಿ ಲಂಡನ್ನಿನಲ್ಲಿ ಮೆಟಫಿಸಿಕಲ್ ಸೊಸೈಟಿ ಎಂಬ ಚರ್ಚಾಕೂಟ ಶುರುವಾಯಿತು. ಧರ್ಮಗುರುಗಳು, ವಿಜ್ಞಾನಿಗಳು, ತತ್ತ್ವಚಿಂತಕರು ಒಂದೇ ಕಡೆ ಕೂತು ದೇವರು, ಆತ್ಮ, ನೀತಿಯ ಬುಡ ಕೆದಕುವ ಜಾಗ ಅದು. ಡಾರ್ವಿನ್ನರ ಪರವಾಗಿ ವಾದಿಸಿ ಹೆಸರಾಗಿದ್ದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಕೂಡ ಅದರ ಸದಸ್ಯ. ಇಪ್ಪತ್ತು ವರ್ಷಗಳ ನಂತರ, 1889ರಲ್ಲಿ, ಆತ ಆ ದಿನಗಳನ್ನು ನೆನೆದು ಬರೆದ. ಅಲ್ಲಿದ್ದವರೆಲ್ಲ ಒಂದಲ್ಲ ಒಂದು ‘ವಾದಿ’ಗಳು. ತನಗೆ ಮಾತ್ರ ಮೈಮುಚ್ಚಿಕೊಳ್ಳಲು ಹೆಸರಿನ ಒಂದು ಚಿಂದಿಯೂ ಇರಲಿಲ್ಲ. ಬೋನಿನಲ್ಲಿ ಬಾಲ ಕಳೆದುಕೊಂಡ ನರಿ, ಉದ್ದುದ್ದ ಬಾಲದ ತನ್ನ ಬಳಗದ ಮುಂದೆ ಬಂದು ನಿಂತಾಗ ಪಟ್ಟಿರಬಹುದಾದ ಮುಜುಗರ ತನ್ನದೂ ಆಗಿತ್ತಂತೆ. ಹಾಗಾಗಿ ತನಗೊಂದು ಬಾಲವನ್ನು ತಾನೇ ಹೊಲಿದುಕೊಂಡ: ‘ಅಗ್ನಾಸ್ಟಿಕ್’.

ಗ್ರೀಕಿನ ‘ಗ್ನೋಸಿಸ್’ ಅಂದರೆ ಜ್ಞಾನ. ನಮ್ಮ ‘ಜ್ಞಾ’ ಮತ್ತು ಅವರ ‘ಗ್ನೋ’ ಒಂದೇ ಬೇರಿನವು. ಕ್ರೈಸ್ತ ಧರ್ಮದ ಆರಂಭದ ಶತಮಾನಗಳಲ್ಲಿ ‘ನಮಗೆ ಗೂಢಜ್ಞಾನ ಸಿಕ್ಕಿದೆ’ ಎನ್ನುತ್ತಿದ್ದವರಿಗೆ ‘ನಾಸ್ಟಿಕ್’ ಎಂಬ ಹೆಸರಿತ್ತು. (ಕಿವಿಗೆ ನಮ್ಮ ‘ನಾಸ್ತಿಕ’ದಂತೆಯೇ ಕೇಳಿಸಿದರೂ ಎರಡಕ್ಕೂ ನಂಟಿಲ್ಲ. ಅವನು ಬಲ್ಲೆನೆನ್ನುವವನು, ಇವನು ಇಲ್ಲವೆನ್ನುವವನು.) ತಾನು ಏನೇನನ್ನು ಅರಿಯೆನೋ ಅದನ್ನೆಲ್ಲ ಅರಿತಿದ್ದೇವೆ ಎನ್ನುತ್ತಿದ್ದ ಆ ಜನರಿಗೆ ಎದುರಾಗಿ ಹಕ್ಸ್‌ಲಿ ಈ ಪದವನ್ನು ನಿಲ್ಲಿಸಿದ. ಇಲ್ಲಿರುವುದೇ ಇಡೀ ವಿಷಯದ ಕೀಲಿ. ಅಗ್ನಾಸ್ಟಿಕ್ ಎಂಬುದರ ಎದುರುಪದ ‘ನಂಬುವವನು’ ಅಲ್ಲ, ‘ಬಲ್ಲೆ ಎನ್ನುವವನು’. ಹಕ್ಸ್‌ಲಿಗೆ ಅದೊಂದು ಮತವೂ ಆಗಿರಲಿಲ್ಲ, ಕೆಲಸ ಮಾಡುವ ಕ್ರಮವಾಗಿತ್ತು: ಬುದ್ಧಿ ಕರೆದೊಯ್ಯುವಷ್ಟು ದೂರ ಅದರ ಹಿಂದೆ ಹೋಗು, ಸಾಧಿಸಿ ತೋರಿಸದ ತೀರ್ಮಾನವನ್ನು ಖಚಿತವೆಂದು ನಟಿಸಬೇಡ.

ಕನ್ನಡದಲ್ಲಿ ಇದನ್ನು ‘ಅಜ್ಞೇಯವಾದ’ ಎನ್ನುತ್ತೇವೆ. ಪದ ಚೆನ್ನಾಗಿದೆ, ಆದರೆ ಒಂದು ಕಡೆಗೆ ವಾಲಿದೆ. ‘ಅಜ್ಞಾತ’ ಎಂದರೆ ಇನ್ನೂ ತಿಳಿಯದ್ದು. ‘ಅಜ್ಞೇಯ’ ಎಂದರೆ ತಿಳಿಯಲಾಗದ್ದು. ಮೊದಲನೆಯದು ‘ಗೊತ್ತಿಲ್ಲ’, ಎರಡನೆಯದು ‘ಗೊತ್ತಾಗುವುದಿಲ್ಲ’. ಇಂಗ್ಲಿಷ್ ದಾರ್ಶನಿಕ ಹರ್ಬರ್ಟ್ ಸ್ಪೆನ್ಸರ್ 1862ರಲ್ಲೇ ತನ್ನ ತತ್ತ್ವಗ್ರಂಥದ ಮೊದಲ ಭಾಗಕ್ಕೆ ‘ಅಜ್ಞೇಯ’ ಎಂಬ ಅರ್ಥದ ತಲೆಬರಹವನ್ನೇ ಕೊಟ್ಟಿದ್ದ. ಹಕ್ಸ್‌ಲಿಗೆ ಆ ಮಾತು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ತನಗೆ ಏನೂ ಗೊತ್ತಿಲ್ಲದ ವಿಷಯಗಳು ಬಹಳವಿವೆ, ತನಗೆ ಕಂಡಮಟ್ಟಿಗೆ ಅವು ತನ್ನ ಶಕ್ತಿಗೆ ನಿಲುಕುವಂಥವಲ್ಲ, ಇಷ್ಟನ್ನು ಮಾತ್ರ ಹೇಳಬಲ್ಲೆ ಎನ್ನುತ್ತಿದ್ದ. ಬೇರೆಯವರಿಗೂ ಅವು ನಿಲುಕವು ಎಂದು ಘೋಷಿಸುವುದು ಅವನ ಪಾಲಿಗೆ ಇನ್ನೊಂದು ಬಗೆಯ ‘ಬಲ್ಲೆ’. ಪದ ಟಂಕಿಸಿದವನೇ ಒಪ್ಪಲು ಹಿಂಜರಿದ ಅರ್ಥವನ್ನು ನಮ್ಮ ಅನುವಾದ ಹೊತ್ತುಕೊಂಡಿದೆ! ಹೆಸರು ಬದಲಾಯಿಸಿ ಎನ್ನುತ್ತಿಲ್ಲ, ಅದು ರೂಢಿಯಾಗಿಹೋಗಿದೆ. ಒಳಗೆ ಎರಡು ನಿಲುವುಗಳಿವೆ ಎಂಬುದು ನೆನಪಿದ್ದರೆ ಸಾಕು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ನಂಬುತ್ತೀರಾ? ಗೊತ್ತಿದೆಯಾ? ಈ ಎರಡಕ್ಕೆ ಬೇರೆ ಬೇರೆ ಉತ್ತರ ಕೊಟ್ಟವರು ಚರಿತ್ರೆಯಲ್ಲಿ ಬೇಕಾದಷ್ಟಿದ್ದಾರೆ. ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ 1787ರಲ್ಲಿ, ಶ್ರದ್ಧೆಗೆ ಜಾಗ ಮಾಡಿಕೊಡಲು ತಾನು ಜ್ಞಾನವನ್ನು ಪಕ್ಕಕ್ಕೆ ಸರಿಸಬೇಕಾಯಿತು ಎಂದ. ಶುದ್ಧ ತರ್ಕದಿಂದ ದೇವರನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು ಎಂಬುದು ಅವನ ನಿಲುವು; ಹಾಗಂತ ನಂಬಿಕೆಯನ್ನು ಬಿಟ್ಟವನಲ್ಲ. ‘ಗೊತ್ತಿಲ್ಲ, ಆದರೂ ನಂಬುತ್ತೇನೆ.’ ಬ್ರಿಟಿಷ್ ದಾರ್ಶನಿಕ ಬರ್ಟ್ರಂಡ್ ರಸೆಲ್‌ನದು ಇನ್ನೊಂದು ಮೂಲೆ. 1940ರ ದಶಕದ ಒಂದು ಬರಹದಲ್ಲಿ ಆತ, ತತ್ತ್ವಶಾಸ್ತ್ರಜ್ಞರ ಮುಂದೆ ತಾನು ಅಜ್ಞೇಯವಾದಿ, ಬೀದಿಯಲ್ಲಿ ಸಿಗುವ ಸಾಮಾನ್ಯರ ಮುಂದೆ ನಾಸ್ತಿಕ ಎಂದ. ದೇವರಿಲ್ಲ ಎನ್ನಲು ನಿರ್ಣಾಯಕ ಪುರಾವೆ ಕೊಡಲಾರೆ. ಆದರೆ ಹೋಮರನ ಕಾವ್ಯದ ಗ್ರೀಕ್ ದೇವತೆಗಳಿಲ್ಲ ಎಂದೂ ಪುರಾವೆ ಕೊಡಲಾರೆ, ಹಾಗೆಂದು ಅವರ ವಿಷಯದಲ್ಲಿ ಯಾರೂ ‘ಗೊತ್ತಿಲ್ಲ’ ಅನ್ನುವುದಿಲ್ಲವಲ್ಲ ಎಂಬುದು ಅವನ ವಾದ. ‘ಖಚಿತವಾಗಿ ಗೊತ್ತಿಲ್ಲ, ನಂಬುವುದೂ ಇಲ್ಲ.’ ಅಂದರೆ ಒಬ್ಬನೇ ಮನುಷ್ಯ ಅಜ್ಞೇಯವಾದಿಯೂ ನಾಸ್ತಿಕನೂ ಆಗಬಹುದು. ಗೆರೆಯ ಚಿತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ.

ಮುಚ್ಚಿದ ಬಾಗಿಲು

ಒಂದು ಮನೆ ಇದೆ ಅಂದುಕೊಳ್ಳಿ. ಬೀಗ ಬಾಗಿಲೊಳಗೇ ಅಡಗಿರುವ ಬಗೆಯದು. ಒಳಗಿನಿಂದ ಹಾಕಿದ್ದೋ ಹೊರಗಿನಿಂದ ಹಾಕಿದ್ದೋ ಹೇಳಲಾಗದು. ಕಿಟಕಿಗೆಲ್ಲ ಪರದೆ. ಬೀದಿಯಲ್ಲಿ ಕೆಲವರು ನಿಂತಿದ್ದಾರೆ. ಕದ ತಟ್ಟಿದ್ದಾಗಿದೆ, ಉತ್ತರ ಬಂದಿಲ್ಲ.

‘ಒಳಗೆ ಯಾರೋ ಇದ್ದಾರೆ’ ಎನ್ನುತ್ತಾರೆ ಒಬ್ಬರು. ಸುಮ್ಮನೆ ಹೇಳುತ್ತಿಲ್ಲ. ಅಂಗಳ ಚೊಕ್ಕಟವಾಗಿದೆ, ಗಿಡಗಳು ನಳನಳಿಸುತ್ತಿವೆ, ಯಾರೂ ಇಲ್ಲದೆ ಇಷ್ಟೊಂದು ಅಚ್ಚುಕಟ್ಟು ಹೇಗೆ ಬಂತು? ಈ ಮನೆಯವರನ್ನು ಕಂಡಿದ್ದೆ ಎಂದು ಅವರ ತಾಯಿ ಹೇಳುತ್ತಿದ್ದರು. ಅದಕ್ಕೂ ಮಿಗಿಲಾಗಿ, ಒಂದು ನಡುರಾತ್ರಿ ಒಳಗಿನಿಂದ ಹಾಡು ಕೇಳಿಸಿದ್ದು ಅವರಿಗೇ ನೆನಪಿದೆ. ಸೃಷ್ಟಿಯ ವ್ಯವಸ್ಥೆ, ಹಿರಿಯರ ಸಾಕ್ಷ್ಯ, ಸ್ವಂತ ಅನುಭವ: ಆಸ್ತಿಕರು ಮುಂದಿಡುವ ಕಾರಣಗಳು ಬಹುಪಾಲು ಈ ಮೂರು ಜಾತಿಯವು.

‘ಯಾರೂ ಇಲ್ಲ’ ಎನ್ನುತ್ತಾರೆ ಇನ್ನೊಬ್ಬರು. ಗಿಡಕ್ಕೆ ನೀರು ಹಾಕಿದ್ದು ಮಳೆ, ಅಂಗಳ ಗುಡಿಸಿದ್ದು ಗಾಳಿ. ಬೇಕಿದ್ದರೆ ಹೇಗೆಂದು ವಿವರಿಸುತ್ತೇನೆ. ನಿಮ್ಮ ತಾಯಿ ಕಂಡದ್ದು ಯಾರನ್ನೋ. ಹಾಡು ಪಕ್ಕದ ಮನೆಯದಿರಬಹುದು, ಕನಸಿರಬಹುದು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಾರೆ: ‘ಒಳಗಿರುವವರು ಕರುಣಾಳು ಅಂತೀರಿ. ಮೊನ್ನೆ ಇದೇ ಮೆಟ್ಟಿಲ ಮೇಲೆ ಒಂದು ಮಗು ಬಿದ್ದು ಗಂಟೆಗಟ್ಟಲೆ ಅತ್ತಿತು. ಬಾಗಿಲು ಯಾಕೆ ತೆರೆಯಲಿಲ್ಲ?’ ನಾಸ್ತಿಕರ ವಾದಗಳಲ್ಲೆಲ್ಲ ಹಳೆಯದೂ ಹರಿತವಾದದ್ದೂ ಇದೇ. ಇದಕ್ಕೆ ಮತಶಾಸ್ತ್ರಗಳು ಕೊಟ್ಟ ಉತ್ತರಗಳನ್ನು ಪೇರಿಸಿದರೆ ಆ ಮನೆಯೇ ತುಂಬಿಹೋಗುತ್ತದೆ. ಕೇಳಿದವರೆಲ್ಲ ಸಮಾಧಾನಗೊಂಡದ್ದಂತೂ ಇಲ್ಲ.

ಅವರ ಹಿಂದೆ ನಿಂತ ಮತ್ತೊಬ್ಬರೂ ನಾಸ್ತಿಕರೇ, ಆದರೆ ಮಾತು ಮೆತ್ತಗೆ: ‘ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ ಎನ್ನಲು ನೀವು ಕೊಟ್ಟ ಕಾರಣ ನನಗೆ ಸಾಲದು. ಅದಕ್ಕೇ ಒಪ್ಪಿಲ್ಲ.’ ಮೊದಲು ಹೇಳಿದ ಎರಡು ವಾಕ್ಯಗಳ ವ್ಯತ್ಯಾಸ ಇಲ್ಲಿ ಮೈತಳೆದು ನಿಂತಿದೆ. ದಾರ್ಶನಿಕ ಆಂಟನಿ ಫ್ಲೂ 1970ರ ದಶಕದಲ್ಲಿ ನಾಸ್ತಿಕತೆಯನ್ನು ಈ ಮೆತ್ತಗಿನ ಅರ್ಥದಲ್ಲೇ ಹಿಡಿಯಬೇಕೆಂದು ವಾದಿಸಿದ: ಆರೋಪ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎನ್ನುವ ಹಾಗೆ, ಇದ್ದಾನೆಂದು ತೋರಿಸುವ ಹೊಣೆ ಇದ್ದಾನೆ ಎನ್ನುವವರದು. ಎಲ್ಲ ದಾರ್ಶನಿಕರೂ ಇದನ್ನು ಒಪ್ಪಿಲ್ಲ. ‘ನಾಸ್ತಿಕ’ ಎಂದರೆ ‘ಇಲ್ಲ’ ಎನ್ನುವವರಿಗೇ ಮೀಸಲಾಗಿರಲಿ ಎಂಬವರೂ ಇದ್ದಾರೆ. ಹಾಗಾಗಿ ಯಾರಾದರೂ ‘ನಾನು ನಾಸ್ತಿಕ’ ಎಂದರೆ ಯಾವ ಬಗೆ ಎಂದು ಕೇಳುವುದು ಕುಹಕವಲ್ಲ, ಜಾಣತನ.

ಇನ್ನು ‘ಗೊತ್ತಿಲ್ಲ’ ಎನ್ನುವವರು ಒಬ್ಬರು, ‘ಈ ಬೀದಿಯಲ್ಲಿ ನಿಂತು ಗೊತ್ತಾಗುವ ಸಂಗತಿಯೇ ಅಲ್ಲ’ ಎನ್ನುವವರು ಒಬ್ಬರು. ‘ಯಾರೋ ಅಂದರೆ ಯಾರು? ಮನುಷ್ಯರೋ ಬೆಕ್ಕೋ? ಅದನ್ನು ಮೊದಲು ಹೇಳಿ’ ಎಂದು ಪ್ರಶ್ನೆಯನ್ನೇ ತಿರುಗಿಸುವವರು ಇನ್ನೊಬ್ಬರು. ನನಗೆ ಇವರ ಮೇಲೆ ಸ್ವಲ್ಪ ಪಕ್ಷಪಾತ. ‘ಕಟ್ಟಿದವರು ಯಾರೋ ಇದ್ದರು, ಕಟ್ಟಿ ಹೊರಟುಹೋದರು’ ಎನ್ನುವವರಿದ್ದಾರೆ. ‘ಒಳಗೆ ಹುಡುಕುವುದೇನು, ಮನೆಯೇ ಆತ’ ಎನ್ನುವವರೂ ಇದ್ದಾರೆ. ಹದಿನೇಳನೆಯ ಶತಮಾನದ ದಾರ್ಶನಿಕ ಸ್ಪಿನೋಜಾ ಇವರ ಪೈಕಿ. ಬಹಳ ಜನ ಇತ್ತ ತಿರುಗಿಯೂ ನೋಡದೆ ತಮ್ಮ ಕೆಲಸಕ್ಕೆ ಹೋಗುತ್ತಿದ್ದಾರೆ.

ಮತ್ತೆ ಒಬ್ಬ ಮುದುಕಿ. ದಿನಾ ಸಂಜೆ ಬಂದು ಆ ಮೆಟ್ಟಿಲ ಮೇಲೆ ಕೂತು, ಅವತ್ತು ನಡೆದದ್ದನ್ನೆಲ್ಲ ಬಾಗಿಲಿಗೆ ಹೇಳಿ ಹೋಗುತ್ತಾಳೆ. ‘ಅಜ್ಜಿ, ಒಳಗೆ ಯಾರಾದರೂ ಇದ್ದಾರೆ ಅಂತ ನಿಮಗೆ ಗೊತ್ತಾ?’ ಎಂದು ಕೇಳಿದರೆ, ಇವರು ಯಾಕೆ ಹೀಗೆ ಕೇಳುತ್ತಿದ್ದಾರೆ ಎಂಬಂತೆ ಮುಖ ನೋಡುತ್ತಾಳೆ.

‘ನಿಮ್ಮನ್ನೇ ನಂಬಿದ್ದೇನೆ’

ಆ ಮುದುಕಿಯನ್ನು ಬಿಟ್ಟು ಧಾರ್ಮಿಕ ನಂಬಿಕೆಯನ್ನು ವಿವರಿಸಲಾಗದು. ‘ನಂಬು’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಎರಡು ನಡೆಗಳಿವೆ. ‘ಅವನು ಬರುತ್ತಾನೆ ಅಂತ ನಂಬಿದ್ದೇನೆ’ ಎಂಬುದು ಒಂದು ಸಂಗತಿಯ ಬಗ್ಗೆ. ಸರಿಯೋ ತಪ್ಪೋ ಆಗಬಹುದು. ‘ಅವನನ್ನು ನಂಬಿದ್ದೇನೆ’ ಎಂಬುದು ಭರವಸೆ, ಆಸರೆ, ಒಂದು ಸಂಬಂಧ. ಕಷ್ಟದಲ್ಲಿರುವವರು ‘ನಿಮ್ಮನ್ನೇ ನಂಬಿಕೊಂಡು ಬಂದಿದ್ದೇನೆ’ ಎಂದರೆ, ‘ನೀವು ಅಸ್ತಿತ್ವದಲ್ಲಿದ್ದೀರಿ ಎಂಬ ಪ್ರಮೇಯವನ್ನು ಒಪ್ಪಿದ್ದೇನೆ’ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ.

ನಾಸ್ತಿಕರು ಹೆಚ್ಚಾಗಿ ಮೊದಲನೆಯ ‘ನಂಬು’ವಿನ ಮೇಲೆ ವಾದ ಹೂಡುತ್ತಾರೆ, ಭಕ್ತರು ಎರಡನೆಯದರಲ್ಲಿ ಬದುಕುತ್ತಿರುತ್ತಾರೆ. ವಾದ ಅಲ್ಲಿಗೆ ತಲುಪುವುದೇ ಇಲ್ಲ. ಹಾಗೆಂದು ಮೊದಲನೆಯದು ಬೇಡವೇ ಬೇಡ ಎನ್ನುವುದೂ ನುಣುಚಿಕೊಳ್ಳುವ ಮಾತಾಗುತ್ತದೆ. ಒಳಗೆ ಯಾರೂ ಇಲ್ಲದಿದ್ದರೆ ಮುದುಕಿ ಮಾತಾಡುತ್ತಿರುವುದು ಮರದ ಹಲಗೆಯೊಂದಿಗೆ. ಆ ಪ್ರಶ್ನೆ ಅವಳಿಗೆ ಬೇಡದಿದ್ದರೂ ಪ್ರಶ್ನೆ ಇರುತ್ತದೆ.

ಇದರಿಂದಲೇ ಇನ್ನೊಂದು ತಪ್ಪು ಕಲ್ಪನೆಯೂ ಬಿದ್ದುಹೋಗುತ್ತದೆ: ಆಸ್ತಿಕ ಎಂದರೆ ಸಂಶಯವೇ ಇಲ್ಲದವನು ಎನ್ನುವುದು. ಮಾರ್ಕನ ಸುವಾರ್ತೆಯಲ್ಲಿ, ಮಗನ ಕಾಯಿಲೆಯಿಂದ ಕಂಗೆಟ್ಟ ತಂದೆಯೊಬ್ಬ ಯೇಸುವಿನ ಮುಂದೆ ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು’ ಎಂದು ಕೂಗುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ಬರೀ ಕತ್ತಲೆ, ಬರೀ ಮೌನ ಎದುರಾಗಿತ್ತೆಂದು ತಿಳಿದು ಓದುಗರು ಬೆಚ್ಚಿದರು. ಪ್ರಾರ್ಥನೆಯನ್ನು ಅವರು ನಿಲ್ಲಿಸಿರಲಿಲ್ಲ.

ಯಾವ ದೇವರು?

ನಾವು ಸಲೀಸಾಗಿ ಬಳಸುವ ‘ಆಸ್ತಿಕ’, ‘ನಾಸ್ತಿಕ’ ಪದಗಳು ಹುಟ್ಟಿದಾಗ ಅವುಗಳಲ್ಲಿ ದೇವರೇ ಇರಲಿಲ್ಲ. ಸಂಸ್ಕೃತ ವೈಯಾಕರಣ ಪಾಣಿನಿಯ ಒಂದು ಸೂತ್ರ (4.4.60), ‘ಉಂಟು’ ಎಂಬ ಮತಿಯವನು ಆಸ್ತಿಕ, ‘ಇಲ್ಲ’ ಎಂಬ ಮತಿಯವನು ನಾಸ್ತಿಕ ಎಂದಷ್ಟೇ ಹೇಳುತ್ತದೆ. ಏನು ಉಂಟು? ಆ ಸೂತ್ರಗಳ ಹಳೆಯ ವ್ಯಾಖ್ಯಾನವಾದ ಕಾಶಿಕಾವೃತ್ತಿಯ ಪ್ರಕಾರ ಪರಲೋಕ. ಮನುಸ್ಮೃತಿ (2.11) ನಾಸ್ತಿಕ ಎನ್ನುವುದು ವೇದವನ್ನು ನಿಂದಿಸುವವನನ್ನು. ಈ ಅಳತೆಗೋಲಿನಲ್ಲಿ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಪೂರ್ವಮೀಮಾಂಸಕರು ಪಕ್ಕಾ ಆಸ್ತಿಕರು, ಏಕೆಂದರೆ ವೇದವೇ ಅವರ ಪ್ರಮಾಣ. ಈಶ್ವರನ ಗೋಜಿಗೆ ಹೋಗದ ಸಾಂಖ್ಯಕಾರಿಕೆ ಎಂಬ ಗ್ರಂಥದ ಸಾಂಖ್ಯವೂ ಆಸ್ತಿಕ ದರ್ಶನದ ಪಟ್ಟಿಯಲ್ಲೇ ಇದೆ. ಇತ್ತ ಕರ್ಮ, ಪುನರ್ಜನ್ಮ, ಮೋಕ್ಷವನ್ನೆಲ್ಲ ಒಪ್ಪುವ ಜೈನರು ನಾಸ್ತಿಕರ ಸಾಲಿಗೆ. ಜೈನ, ಬೌದ್ಧ ಎರಡೂ ಸೃಷ್ಟಿಕರ್ತನಿಲ್ಲದ ಧರ್ಮಗಳು. ಆದ್ದರಿಂದ ‘ಧಾರ್ಮಿಕ’ ಎಂದರೆ ‘ದೇವರನ್ನು ನಂಬುವವನು’ ಎಂಬ ಸಮೀಕರಣವೂ ನಿಲ್ಲುವುದಿಲ್ಲ.

ಪಶ್ಚಿಮದಲ್ಲೂ ಇದೇ ಕಥೆ. ಕ್ರಿ.ಪೂ. 399ರಲ್ಲಿ ಸಾಕ್ರಟೀಸನ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಅಥೆನ್ಸ್ ನಗರ ಒಪ್ಪಿದ ದೇವತೆಗಳನ್ನು ಆತ ಒಪ್ಪುವುದಿಲ್ಲ ಎಂಬುದು. ರೋಮ್ ಸಾಮ್ರಾಜ್ಯದಲ್ಲಿ ‘ನಾಸ್ತಿಕರು’ ಎಂದು ಬೈಸಿಕೊಂಡವರು ಯಾರು ಗೊತ್ತೇ? ಕ್ರೈಸ್ತರು! ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಆ ಬೈಗುಳವನ್ನು ಅಲ್ಲಗಳೆಯಲೂ ಹೋಗಲಿಲ್ಲ: ನೀವು ದೇವರೆನ್ನುವ ಇಂಥ ದೇವತೆಗಳ ಮಟ್ಟಿಗೆ ನಾವು ನಾಸ್ತಿಕರೇ ಹೌದು, ನಿಜವಾದ ದೇವರ ಮಟ್ಟಿಗಲ್ಲ ಎಂದ. ನಿರಾಕರಣೆ ಯಾವಾಗಲೂ ಯಾವುದೋ ಒಂದನ್ನು ಕುರಿತದ್ದು. ‘ದೇವರನ್ನು ನಂಬುತ್ತೀರಾ?’ ಎಂಬ ಪ್ರಶ್ನೆಗೆ ‘ಯಾವ ದೇವರು?’ ಎಂಬ ಮರುಪ್ರಶ್ನೆ ತಲೆಹರಟೆಯಂತೆ ಕಂಡರೂ ನ್ಯಾಯವಾದದ್ದು.

ಹಾವುಮೀನು ಮತ್ತು ಹಡಗು

‘ಗೊತ್ತಿಲ್ಲ’ ಎನ್ನುವುದು ಹಕ್ಸ್‌ಲಿಯ ಕಾಲದ ಹೊಸ ಫ್ಯಾಷನ್ನೇನಲ್ಲ. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಚಿಂತಕ ಪ್ರೊಟಾಗೊರಸ್, ದೇವತೆಗಳು ಇದ್ದಾರೆಂದಾಗಲಿ ಇಲ್ಲವೆಂದಾಗಲಿ ಅರಿಯೆ, ವಿಷಯ ಮಸುಕು, ಬಾಳು ಗಿಡ್ಡ ಎಂದಿದ್ದ. ಬುದ್ಧನ ಸಮಕಾಲೀನ ಸಂಜಯ ಬೇಲಟ್ಠಿಪುತ್ತನ ಉತ್ತರವಂತೂ ಇನ್ನೂ ಸೊಗಸು. ಪರಲೋಕ ಉಂಟೇ ಎಂದು ಕೇಳಿದರೆ: ಉಂಟು ಅನ್ನಿಸಿದ್ದರೆ ಉಂಟು ಎನ್ನುತ್ತಿದ್ದೆ, ಹಾಗೆನ್ನುವುದಿಲ್ಲ, ಹೀಗೂ ಎನ್ನುವುದಿಲ್ಲ, ಬೇರೆ ಬಗೆಯಾಗಿಯೂ ಎನ್ನುವುದಿಲ್ಲ, ಅಲ್ಲ ಎಂದೂ ಎನ್ನುವುದಿಲ್ಲ. ಪಾಲಿ ಗ್ರಂಥಗಳು ಇಂಥ ಮಾತಿಗೆ ‘ಅಮರಾವಿಕ್ಖೇಪ’ ಎನ್ನುತ್ತವೆ. ಹಾವುಮೀನಿನ ಹಾಗೆ ಹಿಡಿದಷ್ಟೂ ಜಾರುವುದು ಎಂದು ಅದನ್ನು ವಿವರಿಸುವುದುಂಟು.

ಅಜ್ಞೇಯವಾದದ ಮೇಲಿನ ದೂರು ಅಂದಿನಿಂದ ಇಂದಿನವರೆಗೆ ಇದೇ: ಜಾರಿಕೊಳ್ಳುತ್ತಿದ್ದೀರಿ. ದೂರಿನಲ್ಲಿ ಹುರುಳಿಲ್ಲದಿಲ್ಲ. ಪ್ರಾಮಾಣಿಕ ‘ಗೊತ್ತಿಲ್ಲ’ಕ್ಕೂ ಹಾವುಮೀನಿನ ‘ಗೊತ್ತಿಲ್ಲ’ಕ್ಕೂ ವ್ಯತ್ಯಾಸ ಗುರುತಿಸಲು ನಾನು ಕಂಡುಕೊಂಡ ದಾರಿ ಒಂದಿದೆ. ‘ಏನು ಕಂಡರೆ ನಿಮ್ಮ ಮನಸ್ಸು ಬದಲಾದೀತು?’ ಎಂದು ಕೇಳುವುದು. ಮೊದಲನೆಯವರು ಯೋಚಿಸತೊಡಗುತ್ತಾರೆ, ಎರಡನೆಯವರು ವಿಷಯ ಬದಲಿಸುತ್ತಾರೆ. ಈ ಪ್ರಶ್ನೆ ಆಸ್ತಿಕ, ನಾಸ್ತಿಕರಿಗೂ ಅನ್ವಯಿಸುತ್ತದೆ.

ನಾಸ್ತಿಕರ ಕಡೆಯಿಂದ ಬರುವ ಆಕ್ಷೇಪ ಬೇರೆ. 1952ರಲ್ಲಿ ರಸೆಲ್ ಒಂದು ಪಿಂಗಾಣಿ ಟೀಪಾಟಿನ ಮಾತೆತ್ತಿದ. ಭೂಮಿಗೂ ಮಂಗಳಕ್ಕೂ ನಡುವೆ ಒಂದು ಟೀಪಾಟು ಸೂರ್ಯನನ್ನು ಸುತ್ತುತ್ತಿದೆ, ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಎಂದರೆ ಅದನ್ನು ಸುಳ್ಳೆಂದು ಸಾಧಿಸಲು ಯಾರಿಂದಲೂ ಆಗದು. ಆದರೆ ಸಾಧಿಸಲಾಗದು ಎಂಬ ಕಾರಣಕ್ಕೆ ಅದನ್ನು ಶಂಕಿಸುವುದೇ ತಪ್ಪು ಎನ್ನಬಹುದೇ? ವಾದ ಬಿಗಿಯಾಗಿದೆ. ಆಸ್ತಿಕರ ಉತ್ತರವೂ ಸಪ್ಪೆಯಲ್ಲ: ಟೀಪಾಟು ಜಗತ್ತಿನೊಳಗಿನ ಒಂದು ವಸ್ತು, ದೇವರು ವಸ್ತುಗಳ ಪಟ್ಟಿಗೆ ಸೇರುವ ಇನ್ನೊಂದು ವಸ್ತುವಲ್ಲ; ಪಟ್ಟಿಯೊಂದು ಇರುವುದಕ್ಕೇ ಕಾರಣ.

ಪುರಾವೆ ಸಾಲದಿದ್ದಾಗ ಏನು ಮಾಡಬೇಕು ಎಂಬುದರ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಇಬ್ಬರ ಮಾತು ಇವತ್ತಿಗೂ ಸವೆದಿಲ್ಲ. ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ಒಬ್ಬ ಹಡಗಿನ ಮಾಲೀಕನ ಕಥೆ ಹೇಳಿದ. ಹಡಗು ಹಳತು, ರಿಪೇರಿಗೆ ಬಂದಿದೆ ಎಂಬ ಅಳುಕು ಅವನಿಗಿತ್ತು. ಎಷ್ಟೋ ಬಿರುಗಾಳಿ ದಾಟಿದೆ, ದೈವ ಕಾಯುತ್ತದೆ ಎಂದು ಮನಸ್ಸನ್ನು ಒಪ್ಪಿಸಿ ಜನರನ್ನು ಹತ್ತಿಸಿ ಕಳಿಸಿದ. ಹಡಗು ನಡುಗಡಲಲ್ಲಿ ಮುಳುಗಿತು. ಅವನು ವಿಮೆಯ ಹಣ ಎಣಿಸಿಕೊಂಡ. ಅವನು ಮನಸಾರೆ ನಂಬಿದ್ದ ನಿಜ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಸುಖವಾಗಿ ದಡ ಸೇರಿದ್ದರೂ ತಪ್ಪು ತಪ್ಪೇ.

ಅಮೆರಿಕದ ದಾರ್ಶನಿಕ ವಿಲಿಯಂ ಜೇಮ್ಸ್ 1896ರಲ್ಲಿ ಇದಕ್ಕೆ ಜವಾಬು ಕೊಟ್ಟ. ಕೆಲವು ಆಯ್ಕೆಗಳು ಕಾಯುವುದಿಲ್ಲ, ಬುದ್ಧಿಯಿಂದ ತೀರ್ಮಾನವಾಗುವುದೂ ಇಲ್ಲ, ಆದರೆ ಬದುಕಿನ ದಿಕ್ಕು ಅವುಗಳ ಮೇಲೆ ನಿಂತಿರುತ್ತದೆ. ಅಲ್ಲಿ ಆರಿಸದೆ ಸುಮ್ಮನಿರುವುದೂ ಒಂದು ಆಯ್ಕೆಯೇ. ಮತ್ತೆ ಆ ಬೀದಿಗೆ ಹೋಗಿ. ಮಳೆ ಬರುವಂತಿದೆ ಅಂದುಕೊಳ್ಳಿ. ಬಾಗಿಲು ತೆರೆದೀತೆಂದು ಕಾಯುವುದು ಒಂದು, ಬೇರೆ ಆಸರೆ ಹುಡುಕಿ ಹೊರಡುವುದು ಇನ್ನೊಂದು. ‘ಗೊತ್ತಿಲ್ಲ’ ಎನ್ನುತ್ತ ನಡುಬೀದಿಯಲ್ಲಿ ನಿಂತವರೂ ನೆನೆಯುತ್ತಾರೆ. ಅಜ್ಞೇಯವಾದ ತಲೆಗೆ ಸಂಬಂಧಿಸಿದ ನಿಲುವು; ಕಾಲಿಗೆ ಅಂಥ ನಿಲುವಿಲ್ಲ. ಪ್ರಾರ್ಥಿಸುವುದೋ ಬಿಡುವುದೋ, ಎರಡರಲ್ಲೊಂದನ್ನು ಮಾಡಿಯೇ ದಿನ ಮುಗಿಯುತ್ತದೆ. ಕ್ಲಿಫರ್ಡ್ ಸರಿಯೋ ಜೇಮ್ಸ್ ಸರಿಯೋ ಎಂದು ಕೇಳಿದರೆ, ಹಡಗಿನಲ್ಲಿ ಬೇರೆಯವರಿದ್ದಾಗ ಕ್ಲಿಫರ್ಡ್, ನಾನೊಬ್ಬನೇ ಇದ್ದಾಗ ಜೇಮ್ಸ್ ಎನ್ನುವುದು ನನಗೆ ಹೊಳೆಯುವ ಉತ್ತರ. ಪೂರ್ತಿ ಒಬ್ಬನೇ ಇರುವ ಹಡಗು ಅಪರೂಪ ಎನ್ನುವುದು ಬೇರೆ ಮಾತು.

ಜನ ತಮಗೆ ತಾವು ಇಟ್ಟುಕೊಳ್ಳುವ ಹೆಸರುಗಳು ಈ ವಿಂಗಡಣೆಗೆಲ್ಲ ಬಗ್ಗುವುದಿಲ್ಲ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರ ಜನವರಿಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿನ ವಯಸ್ಕರ ಪೈಕಿ ಶೇ 28ರಷ್ಟು ಮಂದಿ ಯಾವ ಧರ್ಮಕ್ಕೂ ಸೇರಿಲ್ಲ ಎಂದಿದ್ದರು. ಆ ಗುಂಪಿನಲ್ಲಿ ‘ನಾಸ್ತಿಕ’ ಎಂದುಕೊಂಡವರು ಶೇ 17, ‘ಅಜ್ಞೇಯವಾದಿ’ ಎಂದುಕೊಂಡವರು ಶೇ 20. ಉಳಿದ ಶೇ 63 ಮಂದಿ ಒತ್ತಿದ ಗುರುತು ‘ನಿರ್ದಿಷ್ಟವಾಗಿ ಏನೂ ಇಲ್ಲ’.

ಇನ್ನು ಹಕ್ಸ್‌ಲಿ ಯಾರ ಪರವಾಗಿ ಅಷ್ಟು ಕಾದಾಡಿದನೋ ಆ ಡಾರ್ವಿನ್. 1879ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವರ ನಂಬಿಕೆ ಏನೆಂದು ಒಬ್ಬರು ಪತ್ರ ಬರೆದು ಕೇಳಿದರು. ಡಾರ್ವಿನ್ ಉತ್ತರಿಸಿದರು. ತಮ್ಮ ಅಭಿಪ್ರಾಯ ಆಗಾಗ ತೂಗಾಡುತ್ತದೆ; ಎಷ್ಟೇ ತೂಗಾಡಿದರೂ ದೇವರ ಅಸ್ತಿತ್ವವನ್ನು ಅಲ್ಲಗಳೆಯುವ ಅರ್ಥದಲ್ಲಿ ತಾವು ಎಂದೂ ನಾಸ್ತಿಕರಾಗಿರಲಿಲ್ಲ; ಸಾಮಾನ್ಯವಾಗಿ, ವಯಸ್ಸಾದಂತೆಲ್ಲ ಹೆಚ್ಚೆಚ್ಚಾಗಿ, ತಮ್ಮ ಮನಸ್ಥಿತಿಗೆ ‘ಅಗ್ನಾಸ್ಟಿಕ್’ ಎಂಬ ಪದವೇ ಹೆಚ್ಚು ಒಪ್ಪುತ್ತದೆ ಎಂದು ಬರೆದರು. ‘ಸಾಮಾನ್ಯವಾಗಿ’ ಎಂದದ್ದು ಸಾಲದೆನಿಸಿತೇನೋ. ಅದೇ ವಾಕ್ಯದ ನಡುವೆ ಇನ್ನೊಂದು ಮಾತು ಸೇರಿಸಿದರು: ‘ಆದರೆ ಯಾವಾಗಲೂ ಅಲ್ಲ.’